ಹಳೇ ಜೀಪಿನ ಮ್ಯಾನ್ಯುಯಲ್ ಮೊಬೈಲಿಗೆ ಬಂದದ್ದು ಹೀಗೆ

ಕಳೆದ ವಾರ ಕೊಡಗಿನ ಸಿದ್ದಾಪುರ ಕಡೆಯ ತೋಟದಿಂದ ಒಬ್ಬ ಮೆಕ್ಯಾನಿಕ್ ಫೋನ್ ಮಾಡಿದ್ದ. ಜೀಪಿನಡಿ ಮಲಗಿಕೊಂಡೇ ಮೊಬೈಲಲ್ಲಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಪುಟ ತೆಗೆದು, ಶಿಮ್ (ಸಂದು ಸರಿಹೊಂದಿಸುವ ತೆಳು ತಗಡು) ಕೂರುವ ಜಾಗ ನೋಡಿ ಜೋಡಿಸಿದನಂತೆ. ಹಳೇ ಜೀಪುಗಳ ರಿಪೇರಿ ಪುಸ್ತಕಗಳನ್ನು ನಾನು ಫೋಟೋ ತೆಗೆದು, ಫೈಲ್ ಮಾಡಿ ಹಂಚುತ್ತೇನೆ. "ಯೂಟ್ಯೂಬ್ ಇರುವಾಗ ಈ ಬೂಷ್ಟು ಹಿಡಿದ ಪುಸ್ತಕ ಯಾರಿಗೆ ಬೇಕು ಮಾರಾಯ" ಎಂದು ಮೂರು ವರ್ಷ ಹೇಳಿದವರೂ ಈಗ ಫೈಲ್ ಕೇಳುತ್ತಿದ್ದಾರೆ.

ಮೊದಲ ಪೆಟ್ಟು ದುಡ್ಡಿನದು. ಸಿಜೆ-3ಬಿ ಎಂಬ ಜೀಪ್ ಮಾದರಿಯ ಸರ್ವಿಸ್ ಮ್ಯಾನ್ಯುಯಲನ್ನು ಒಂದು ಸ್ಕ್ಯಾನಿಂಗ್ ಅಂಗಡಿಗೆ ಕೊಟ್ಟೆ. ಅವರು ಬೈಂಡಿಂಗ್ ಕತ್ತರಿಸಿ, ಹಾಳೆಗಳನ್ನು ಫೀಡರಿಗೆ ಹಾಕಿದರು. ಮಡಿಕೆಯ ವೈರಿಂಗ್ ಹಾಳೆ ಒಳಗೇ ಸಿಕ್ಕಿ ಚೂರಾಯಿತು. ನಾಲ್ಕೈದು ಸಾವಿರ ಹೋಯಿತು, ಅದಕ್ಕಿಂತ ಹೊಟ್ಟೆ ಉರಿಸಿದ್ದು ಆ ಹಾಳೆ.

ಆಮೇಲೆ ಬೇರೆಯವರ ಕೈಗೆ ಪುಸ್ತಕ ಕೊಟ್ಟಿಲ್ಲ. ಪುಟ ಒತ್ತಿ ಹಿಡಿಯಲು ಗೋಣಿಕೊಪ್ಪದಲ್ಲಿ 5 ಎಂಎಂ ಗಾಜು ಕೊಯ್ಯಿಸಿದೆ, ಸುಮಾರು 400 ರೂಪಾಯಿ. ಎರಡು ಎಲ್ಇಡಿ ಪಟ್ಟಿ ಓರೆಯಾಗಿ, ಮೇಲೆ ಕ್ಯಾಮೆರಾ, ಪುಟದ ಹಿಂದೆ ಕಪ್ಪು ಕಾಗದ. ಕಪ್ಪು ಕಾಗದ ಇಡದಿದ್ದರೆ ಹಿಂದಿನ ಪುಟದ ಚಿತ್ರ ಮುಂದಕ್ಕೆ ಇಣುಕುತ್ತದೆ. ಎಲ್ಲಾ ಸೇರಿ ಆರು ಸಾವಿರ ದಾಟಿಲ್ಲ. ಕೈ ಪಳಗಲಿ ಎಂದು ಮೊದಲು ತೆಗೆದದ್ದು ಎರಡನೇ ಮಹಾಯುದ್ಧದ ಸೇನಾ ಜೀಪು ವಿಲ್ಲೀಸ್ ಎಂಬಿಯ ಮ್ಯಾನ್ಯುಯಲ್ ಟಿಎಂ 9-803, 1944ರದು. ಅಮೆರಿಕ ಸರ್ಕಾರದ ಪ್ರಕಟಣೆ, ಹಕ್ಕಿನ ತಕರಾರಿಲ್ಲ.

ಕಕ್ಕಡದ (ಕೊಡಗಿನ ಆಟಿ ತಿಂಗಳು) ಮಳೆಯಲ್ಲಿ ಇನ್ನೊಂದು ಪಾಡು. ನುಣುಪು ಕಾಗದದ ಪುಟಗಳು ಒಂದಕ್ಕೊಂದು ಅಂಟಿಬಿಟ್ಟವು. ಒಲೆಯ ಮೇಲಿನ ಅಟ್ಟದಲ್ಲಿಟ್ಟು ನೋಡಿದೆ, ಹಪ್ಪಳದಂತೆ ಸೊಟ್ಟಗಾದವು. ಮುಂದಿನ ಬಾರಿ ಒದ್ದೆ ಪುಸ್ತಕವನ್ನು ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಿದೆ, ಬೂಷ್ಟು ಅಲ್ಲಿಗೇ ನಿಂತಿತು. ಮಳೆ ಬಿಟ್ಟ ಮೇಲೆ ಹೊರತೆಗೆದು, ಪ್ರತಿ ಪುಟದ ನಡುವೆ ಕಾಗದ ಕೊಟ್ಟು, ಫ್ಯಾನಿನಡಿ ಒಣಗಿಸಿದೆ. ನೂರರಲ್ಲಿ ತೊಂಬತ್ತು ಪುಟ ಬಿಡಿಸಿಕೊಂಡೆ. ಮನೆಯವಳು ಫ್ರೀಜರಿನ ಜಾಗಕ್ಕಾಗಿ ಇವತ್ತಿಗೂ ಕೇಳುತ್ತಾಳೆ.

ಗ್ರೀಸ್ ಕಲೆಗೆ ಬಣ್ಣದಲ್ಲೇ ಫೋಟೋ ತೆಗೆದು, ಚಿತ್ರದ ಕೆಂಪು ಬಣ್ಣದ ಪದರ (ಚಾನೆಲ್) ಮಾತ್ರ ಉಳಿಸಿಕೊಳ್ಳಿ. ಹಳದಿ-ಕಂದು ಕಲೆ ಬಹುಪಾಲು ಮಾಯ, ಕಪ್ಪು ಅಕ್ಷರ ಹಾಗೇ. ಮಡಿಕೆಯ ಗೆರೆ ತೆಗೆಯುವ ನನ್ನ ವಿಧಾನ ಬೇರೆ, ಅದು ಸದ್ಯ ನನ್ನಲ್ಲೇ ಇರಲಿ.

ನಿಜವಾಗಿ ಬೆವರಿಳಿದದ್ದು ಫೈಲ್ ಸಣ್ಣದು ಮಾಡುವಾಗ. ತೋಟದಲ್ಲಿ ಸಿಗ್ನಲ್ ಒಂದು ಕಡ್ಡಿ, 200 ಎಂಬಿ ಯಾರು ಇಳಿಸಿಕೊಳ್ಳುತ್ತಾರೆ? ಸ್ಕ್ಯಾನ್ ಪುಟ ಕುಗ್ಗಿಸುವ ಜೆಬಿಗ್2 ತಂತ್ರದ ಲಾಸಿ (ಕೆಲವು ವಿವರ ಬಿಟ್ಟುಬಿಡುವ) ವಿಧಾನದಲ್ಲಿ ಕುಗ್ಗಿಸಿದೆ, ಹನ್ನೆರಡು ಎಂಬಿಗೆ ಇಳಿಯಿತು. ಹಿಗ್ಗಿ ಎಲ್ಲರಿಗೂ ಕಳಿಸಿದೆ. ಎರಡೇ ದಿನಕ್ಕೆ ಒಬ್ಬ ಹಳೇ ಮೇಸ್ತ್ರಿ ಕೇಳಿದರು: "ಹರಿಕೇನ್ ಎಂಜಿನ್ನಿಗೆ ಇನ್‌ಲೆಟ್ 18 ಥೌ ಸರಿ, ಎಕ್ಸಾಸ್ಟೂ 18 ಹೇಗಾಯ್ತು? ಅದು 16 ಅಲ್ವಾ?" ಅವರು ಕೇಳಿದ್ದು ಸಿಜೆ-3ಬಿಯ ಎಂಜಿನ್ನಿನ ವಾಲ್ವ್ ಸಂದಿನ ಅಳತೆ, ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಪುಸ್ತಕ ತೆರೆದೆ, 16 ಎಂದೇ ಇತ್ತು. ಒಂದೇ ರೀತಿ ಕಾಣುವ ಅಕ್ಷರಗಳಿಗೆ ಒಂದೇ ಅಚ್ಚು ಬಳಸುವ ವಿಧಾನ ಅದು, 6ರ ಜಾಗದಲ್ಲಿ 8 ಕೂರಿಸಿತ್ತು. ಬೋಲ್ಟ್ ಎಷ್ಟು ಬಿಗಿಯಬೇಕೆಂಬ ಟಾರ್ಕ್ ಪಟ್ಟಿಯಲ್ಲೂ ಹೀಗೇ ಆಗಿದ್ದರೆ ಬೋಲ್ಟ್ ಮುರಿಯುತ್ತಿತ್ತು. ಆ ರಾತ್ರಿಯೇ ಎಲ್ಲರಿಗೂ ಫೋನ್ ಮಾಡಿ ಫೈಲ್ ಅಳಿಸಿಸಿದೆ. ಈಗ ಲಾಸ್‌ಲೆಸ್ (ಯಾವ ವಿವರವನ್ನೂ ಬಿಡದ ವಿಧಾನ) ಮಾತ್ರ, ಅಧ್ಯಾಯಕ್ಕೊಂದು ಫೈಲ್, ತಲಾ ಎರಡು ಮೂರು ಎಂಬಿ. ಅಳತೆಯ ಪಟ್ಟಿಗಳನ್ನು ಮೂಲದೊಂದಿಗೆ ಅಂಕಿ ಅಂಕಿಯಾಗಿ ನೋಡದೆ ಬಿಡುವುದಿಲ್ಲ.

ಇಷ್ಟಾದರೂ ಜನ ಬಳಸುತ್ತಿರಲಿಲ್ಲ. ಕಾರಣ ತಿಳಿಯಲು ಆರು ತಿಂಗಳು ಹಿಡಿಯಿತು. ಪುಸ್ತಕದಲ್ಲಿ ಸ್ಟಾರ್ಟಿಂಗ್ ಮೋಟರ್, ನಮ್ಮ ಗ್ಯಾರೇಜಿನಲ್ಲಿ ಸೆಲ್ಫ್. ಅಲ್ಲಿ ಜನರೇಟರ್, ಇಲ್ಲಿ ಡೈನಮೋ. ಅಲ್ಲಿ ಹುಡ್, ಇಲ್ಲಿ ಬಾನೆಟ್. ಹುಡುಕಿದರೆ ಏನೂ ಸಿಗದೆ ಮುಚ್ಚಿಡುತ್ತಿದ್ದರು. ನಾಲ್ಕು ಗ್ಯಾರೇಜಿನಲ್ಲಿ ಕೂತು ಮುನ್ನೂರರಷ್ಟು ಮಾತು ಬರೆದುಕೊಂಡು, ಆಯಾ ಪುಟಕ್ಕೆ ಕನ್ನಡ ಲಿಪಿಯಲ್ಲೂ ಇಂಗ್ಲಿಷಿನಲ್ಲೂ ಸೇರಿಸಿದೆ. ಅಲ್ಲಿಂದ ಬಳಕೆ ಹತ್ತಿಕೊಂಡಿತು. ಇದನ್ನು ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ.

ಚೂರಾದ ಆ ವೈರಿಂಗ್ ಹಾಳೆ ಮಾತ್ರ ಇನ್ನೂ ಸಿಕ್ಕಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಸಿಜೆ-3ಬಿ ಪುಸ್ತಕ ಪೂರ್ತಿ ಇದ್ದರೆ, ಮಳೆ ಹಿಡಿಯುವ ಮೊದಲು ಕೊಡಿ. ಬೈಂಡಿಂಗ್ ಮುಟ್ಟುವುದಿಲ್ಲ, ಎರಡು ದಿನದಲ್ಲಿ ನಾನೇ ತಂದು ವಾಪಸ್ ಕೊಡುತ್ತೇನೆ.