ನನ್ನ ಒಬ್ಬಟ್ಟು ಮುಂಬೈಯಲ್ಲಿ ಹೋಳಿಗೆ ಆದದ್ದು

ಮೊದಲ ಸಲ ಇನ್‌ಸ್ಟಾಗ್ರಾಂನಲ್ಲಿ ನಾನು ಮನೆಯಲ್ಲಿ ಮಾಡಿ ಮಾರುವ ಒಬ್ಬಟ್ಟಿನ ಫೋಟೋ ಹಾಕಿದಾಗ ಕೆಳಗೆ ಮೂವತ್ತು ಹ್ಯಾಶ್‌ಟ್ಯಾಗ್, ಅಂದರೆ # ಹಾಕಿದ ಹುಡುಕುಪದ, ಇಟ್ಟಿದ್ದೆ. ಆಗ ಒಂದು ಪೋಸ್ಟಿಗೆ ಅಷ್ಟು ಬಿಡುತ್ತಿದ್ದರು, ಬಿಟ್ಟಿ ಸಿಗುತ್ತದಲ್ಲ ಅಂತ ಒಂದನ್ನೂ ಉಳಿಸಲಿಲ್ಲ. ಫುಡ್, ಲವ್, ಇನ್‌ಸ್ಟಾಗುಡ್, ಹೀಗೆ ಯಾವುದೋ ದೊಡ್ಡ ಪೇಜಿನಿಂದ ಸುಮ್ನೆ ಕಾಪಿ ಹೊಡೆದದ್ದು. ಲೈಕ್ ಬಂದವು. ಬ್ರೆಜಿಲ್‌ನಿಂದ ಯಾರೋ ಕೆಂಪು ಹೃದಯ ಕಳಿಸಿದರು. ಮುಂಬೈ ಪಕ್ಕದ ಡೊಂಬಿವಲಿಯ ನನ್ನ ಅಡುಗೆಮನೆಯಿಂದ ಬ್ರೆಜಿಲ್‌ಗೆ ಒಬ್ಬಟ್ಟು ಹೇಗೆ ತಲುಪಿಸಲಿ? ಆರ್ಡರ್ ಮಾತ್ರ ಒಂದೂ ಇಲ್ಲ.

ಪ್ರೊಫೆಷನಲ್ ಅಕೌಂಟ್ ಇದ್ದವರಿಗೆ ಆಗ ಇನ್‌ಸೈಟ್ಸ್‌ನಲ್ಲಿ, ಅಂದರೆ ಪೋಸ್ಟನ್ನು ಎಷ್ಟು ಜನ ನೋಡಿದರು ಎಂಬ ಲೆಕ್ಕದಲ್ಲಿ, ಹ್ಯಾಶ್‌ಟ್ಯಾಗ್‌ನಿಂದ ಎಷ್ಟು ಜನ ಬಂದರು ಅಂತ ಬೇರೆಯಾಗಿಯೇ ತೋರಿಸುತ್ತಿತ್ತು. ನಾನು ಅದನ್ನೂ ನೋಡಿದೆ, ಜೊತೆಗೆ ಒಂದು ಹಳೇ ನೋಟ್‌ಬುಕ್ ಇಟ್ಟುಕೊಂಡೆ. ಫೋನ್ ಮಾಡಿದ ಪ್ರತಿಯೊಬ್ಬರಿಗೂ 'ಏನಂತ ಹುಡುಕಿದ್ರಿ?' ಎಂದು ಕೇಳಿ ಬರೆದುಕೊಳ್ಳುವುದು. ಆ ನೋಟ್‌ಬುಕ್ ಕಲಿಸಿದಷ್ಟು ಯಾವ ವಿಡಿಯೋನೂ ಕಲಿಸಲಿಲ್ಲ.

ಅದರಲ್ಲಿ ಮೊದಲು ಕಂಡದ್ದು ಇದು: ಯಾರೂ 'ಒಬ್ಬಟ್ಟು' ಅಂತ ಹುಡುಕಿರಲಿಲ್ಲ! ನಾನು ಹಾಸನದವಳು, ನಮಗೆ ಅದು ಒಬ್ಬಟ್ಟೇ. ಆದರೆ ಈ ಊರಿನ ಕನ್ನಡದವರಲ್ಲಿ ಕರಾವಳಿ ಕಡೆಯವರು ಜಾಸ್ತಿ, ಆಮೇಲೆ ಉತ್ತರ ಕರ್ನಾಟಕದವರು. ಅವರಿಗೆ ಅದು ಹೋಳಿಗೆ, ಧಾರವಾಡದವರ ಬಾಯಲ್ಲಿ ಹೋಳಿಗಿ. ಪಕ್ಕದ ಮನೆಯ ಮರಾಠಿಯವರಿಗೆ ಪುರಣಪೋಳಿ. ಎಲ್ಲದರ ಒಳಗೂ ಬೇಳೆ ಬೆಲ್ಲದ ಹೂರಣವೇ, ಹೆಸರು ಮಾತ್ರ ಮನೆಗೊಂದು. ನಾನು ನನ್ನ ಮನೆಯ ಹೆಸರು ಹಿಡಿದುಕೊಂಡು ಗಿರಾಕಿಗೆ ಕಾಯುತ್ತಾ ಕೂತಿದ್ದೆ. ಅವತ್ತಿನಿಂದ ಮೊದಲ ಟ್ಯಾಗ್ #ಹೋಳಿಗೆ. ನನ್ನ ಅಮ್ಮನಿಗೆ ಇದು ಇವತ್ತಿಗೂ ಸರಿ ಕಾಣುವುದಿಲ್ಲ, ಬಿಡಿ.

ಪುರಣಪೋಳಿ ಎಂದೂ ಹಾಕಿ ನೋಡಿದೆ. ಪ್ರಯೋಜನ ಆಗಲಿಲ್ಲ, ಅದನ್ನು ಮಾಡುವ ಕೈಗಳು ಇಲ್ಲಿ ಬೀದಿಗೆ ಹತ್ತಿವೆ. ಕಾಯಿ ಹೋಳಿಗೆ ಹಾಗಲ್ಲ. ಅದು ಬೇಕು ಅನ್ನುವವರು ಹೆಚ್ಚಿನಂಶ ನಮ್ಮ ಕಡೆಯವರೇ, ಹುಡುಕಿದರೂ ಸುಲಭಕ್ಕೆ ಸಿಗದೆ ಬೇಸತ್ತಿರುತ್ತಾರೆ. ಆ ಟ್ಯಾಗ್‌ನ ಕೆಳಗೆ ಪೋಸ್ಟ್‌ಗಳೇ ಕಡಿಮೆ, ಹಾಗಾಗಿ ನನ್ನದು ದಿನಗಟ್ಟಲೆ ಮೇಲೆಯೇ ಕಾಣುತ್ತಿತ್ತು. ಒಂದು ಯಡವಟ್ಟೂ ಆಯಿತು. ಓದಲು ಚೆಂದ ಇರಲಿ ಅಂತ #ಕಾಯಿ-ಹೋಳಿಗೆ ಎಂದು ನಡುವೆ ಗೀಟು ಹಾಕಿದ್ದೆ. ಗೀಟು ಬಂದ ಕಡೆ ಟ್ಯಾಗ್ ಮುಗಿದುಹೋಗುತ್ತದೆ. ನೀಲಿ ಬಣ್ಣಕ್ಕೆ ತಿರುಗಿದ್ದು ಬರೀ 'ಕಾಯಿ', ಒಂದು ವಾರ ನಾನು ತೆಂಗಿನಕಾಯಿ ಮಾರುವವಳಾಗಿದ್ದೆ. ಖಾಲಿ ಜಾಗ ಬಿಟ್ಟರೂ ಅದೇ ಕತೆ. ಕೆಳಗೀಟು ಹಾಕಿದರೆ ಮಾತ್ರ ನಡೆಯುತ್ತದೆ, #ಕಾಯಿ_ಹೋಳಿಗೆ. ಇಂಗ್ಲಿಷ್‌ನಲ್ಲಾದರೆ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು ಮಾಡಬಹುದು, ಕಣ್ಣು ಕಾಣದವರಿಗೆ ಓದಿ ಹೇಳುವ ಆ್ಯಪ್‌ಗೂ ಅದರಿಂದ ಪದ ಬಿಡಿಸಲು ಸುಲಭ. ನಮ್ಮ ಲಿಪಿಯಲ್ಲಿ ಆ ಅನುಕೂಲ ಇಲ್ಲ ಅಲ್ವಾ, ಹಾಗಾಗಿ ಕನ್ನಡದಲ್ಲಿ ಉದ್ದದ ಟ್ಯಾಗ್ ಮಾಡಲೇಬೇಡಿ.

ಲಿಪಿಯ ವಿಷಯ ಬಂತು, ಅದನ್ನೂ ಹೇಳುತ್ತೇನೆ. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಮನೆಯಲ್ಲಿ ಚೆನ್ನಾಗಿ ಕನ್ನಡ ಆಡುತ್ತಾರೆ, ಓದಲು ಬರುವುದಿಲ್ಲ. ಆರ್ಡರ್ ಮಾಡುವವರು ಅವರೇ, ತಿನ್ನುವವರು ಅವರ ಅಪ್ಪ ಅಮ್ಮ. ಅದಕ್ಕೆ ಹೋಳಿಗೆಯನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಹಾಕುತ್ತೇನೆ.

ಊರಿನ ಹೆಸರಲ್ಲೂ ಎಡವಿದೆ. ಮುಂಬೈ ಎಂದು ಹಾಕಿದರೆ ಅದರ ಕೆಳಗೆ ಮರೀನ್ ಡ್ರೈವ್, ಮಳೆ, ವಡಾಪಾವ್, ನನ್ನ ಫೋಟೋ ನಿಮಿಷದಲ್ಲಿ ಮುಳುಗಿಹೋಗುತ್ತಿತ್ತು. ತೇಲಿದರೂ ಬೊರಿವಲಿಯವರು ಕೇಳುತ್ತಿದ್ದರು, ಅದು ವೆಸ್ಟರ್ನ್ ಲೈನ್. ನಾನು ತಲುಪಿಸುವುದು ಸೆಂಟ್ರಲ್ ಲೈನ್‌ನಲ್ಲಿ ಕಲ್ಯಾಣದಿಂದ ಮುಲುಂಡ್ ತನಕ, ತೀರಾ ಬೇಕೆಂದರೆ ದಾದರ್ ಸ್ಟೇಷನ್ನಿನ ಬ್ರಿಡ್ಜ್ ಮೇಲೆ ನಿಂತು ಡಬ್ಬ ಕೈಗೆ ಕೊಡುತ್ತೇನೆ. ಈಗ ಊರಿನ ಟ್ಯಾಗ್ ಡೊಂಬಿವಲಿ, ಠಾಣೆ, ಅಷ್ಟೇ. ಬರುವ ಫೋನ್ ಕಡಿಮೆ ಆಯಿತು, ಆದರೆ ಬಂದವರಲ್ಲಿ ಹೆಚ್ಚಿನವರು ತೆಗೆದುಕೊಳ್ಳುವವರೇ.

ಈ # ಗುರುತನ್ನು ಟ್ವಿಟ್ಟರ್‌ನಲ್ಲಿ ಬಳಸೋಣ ಎಂದು 2007ರ ಆಗಸ್ಟ್‌ನಲ್ಲಿ ಅಮೆರಿಕದ ಡಿಸೈನರ್ ಕ್ರಿಸ್ ಮೆಸಿನಾ ಹೇಳಿದ್ದು ಗುಂಪು ಕಟ್ಟಲಿಕ್ಕೆ, ಒಂದೇ ವಿಷಯದವರು ಒಂದು ಕಡೆ ಸಿಗಲಿ ಅಂತ. ಮೂವತ್ತು ಗುಂಪಿಗೆ ನುಗ್ಗಿದ ನಾನು ಯಾವುದಕ್ಕೂ ಸೇರಿರಲಿಲ್ಲ. 2021ರಲ್ಲಿ ಇನ್‌ಸ್ಟಾಗ್ರಾಂನವರೇ ಮೂರರಿಂದ ಐದು ಸಾಕು ಎಂದು ಸಲಹೆ ಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಟ್ಯಾಗ್‌ಗಳನ್ನು ಫಾಲೋ ಮಾಡುವ ಸೌಲಭ್ಯವನ್ನೇ ತೆಗೆದರು. ಇದರಿಂದ ನನಗೆ ಸ್ವಲ್ಪ ಪೆಟ್ಟು ಬಿತ್ತು. ಅದಕ್ಕೇ ಈಗ ಟ್ಯಾಗ್‌ಗಿಂತ ಅದರ ಮೇಲೆ ಬರೆಯುವ ಸಾಲಿಗೆ ಜಾಸ್ತಿ ಹೊತ್ತು ಕೊಡುತ್ತೇನೆ. 'ಡೊಂಬಿವಲಿಯಲ್ಲಿ ಮನೆಯಲ್ಲೇ ಮಾಡಿದ ಕಾಯಿ ಹೋಳಿಗೆ, ಶುಕ್ರವಾರದೊಳಗೆ ಹೇಳಿ' ಎಂದು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಯಾಕೆಂದರೆ ಹುಡುಕಿದಾಗ ಆ ಮಾತುಗಳೂ ಲೆಕ್ಕಕ್ಕೆ ಬರುತ್ತವೆ.

ಈಗ ಸಾಂಬಾರ್ ಪುಡಿ ಶುರು ಮಾಡಬೇಕು. ನಮ್ಮಲ್ಲಿ ಹುಳಿಪುಡಿ ಎನ್ನುತ್ತೇವೆ, ಮೇಲಿನ ಮನೆಯ ತುಳು ಮಾತಾಡುವ ಅಕ್ಕ ಸಾಂಬಾರಿಗೆ ಕೊದ್ದೆಲ್ ಎನ್ನುತ್ತಾರೆ. ನೋಟ್‌ಬುಕ್ ಮತ್ತೆ ತೆರೆದಿದ್ದೇನೆ.