ಕರೆಂಟ್ ಹೋದಾಗ ಮೊದಲು ಪ್ಲಗ್ ಕೀಳಬೇಕು: ಶಾಲೆಯ ಮರಗೆಲಸದ ಕೋಣೆಯಲ್ಲಿ ನನ್ನ ಅನುಭವ

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಬಿಡದೆ ಸುರಿಯುವ ಮಳೆ. ನಮ್ಮ ಶಾಲೆಯ ಮರಗೆಲಸದ ಕೋಣೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕದ ಸ್ಟ್ಯಾಂಡಿಗೆ ತೂತು ಕೊರೆಯುತ್ತಿದ್ದಾಗ ಕರೆಂಟ್ ಹೋಯಿತು. ಕೊಡಗಿನ ಮಳೆಗಾಲದಲ್ಲಿ ಇದು ದಿನನಿತ್ಯದ ಮಾತು. ಎಲ್ಲೋ ತಂತಿಯ ಮೇಲೆ ಕೊಂಬೆ ಬಿದ್ದಿರುತ್ತದೆ. ಅವಳು ಡ್ರಿಲ್ ಮೆಷಿನ್ನನ್ನು ಮೇಜಿನ ಮೇಲಿಟ್ಟು ಗೆಳತಿಯರಿದ್ದ ಕಿಟಕಿಯ ಬಳಿ ಹೋದಳು. ಅರ್ಧ ಗಂಟೆಯ ಬಳಿಕ ಕರೆಂಟ್ ಬಂತು. ಯಾರೂ ಮುಟ್ಟದ ಡ್ರಿಲ್ ಒಮ್ಮೆಲೇ ತಿರುಗತೊಡಗಿತು. ತನ್ನ ವೈರನ್ನೇ ಸುತ್ತಿಕೊಂಡು, ಉಳಿಗಳಿದ್ದ ತಟ್ಟೆಯನ್ನು ಎಳೆದುಕೊಂಡು ನೆಲಕ್ಕೆ ಬಿತ್ತು. ಬೆರಳು ತೆಗೆದರೂ ಟ್ರಿಗರನ್ನು ಒತ್ತಿಯೇ ಹಿಡಿದಿಡುವ ಲಾಕ್ ಬಟನ್ ಹಾಗೆಯೇ ಉಳಿದಿತ್ತು.

ಯಾರಿಗೂ ಏಟಾಗಲಿಲ್ಲ. ಆದರೆ ಆ ಸಂಜೆ ಮನೆಗೆ ಹೋದ ಮೇಲೂ ನನ್ನ ಕೈ ನಡುಗುತ್ತಿತ್ತು. ಲಾಕ್ ಬಟನ್ ಬಗ್ಗೆ ತರಗತಿಯಲ್ಲಿ ಎರಡು ಸಲ ಹೇಳಿದ್ದೆ. ಹದಿನಾಲ್ಕು ವರ್ಷದ ಮಗು ಮರೆಯುತ್ತದೆ. ಮರೆತರೂ ಕೈಬೆರಳು ಉಳಿಯುವಂತೆ ಕೋಣೆಯನ್ನು ಸಜ್ಜುಗೊಳಿಸುವುದು ಮೇಷ್ಟರ ಕೆಲಸ. ಆ ಕೆಲಸವನ್ನು ನಾನು ಮಾಡಿರಲಿಲ್ಲ.

ಮರುವಾರವೇ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ತೋಟದ ಪಂಪ್‌ಸೆಟ್ಟಿಗೆ ಹಸಿರು, ಕೆಂಪು ಗುಂಡಿಗಳಿರುವ ಸ್ಟಾರ್ಟರ್ ಪೆಟ್ಟಿಗೆ ಇರುತ್ತದಲ್ಲ, ಅದರೊಳಗಿನ ಕಾಂಟ್ಯಾಕ್ಟರ್ ಎಂಬ ವಿದ್ಯುತ್ ಸ್ವಿಚ್ ಕರೆಂಟ್ ಹೋದ ಕೂಡಲೇ ಬಿಟ್ಟುಕೊಳ್ಳುತ್ತದೆ. ಕರೆಂಟ್ ಮತ್ತೆ ಬಂದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರ್ ತಿರುಗುವುದಿಲ್ಲ. ನಮ್ಮ ಮೆಷಿನ್‌ಗಳ ಪ್ಲಗ್ ಪಾಯಿಂಟ್‌ಗಳನ್ನೆಲ್ಲ ಅಂಥದೇ ಒಂದು ಕಾಂಟ್ಯಾಕ್ಟರ್ ಮೂಲಕ ಹಾಯಿಸಿದೆವು. ಹಸಿರು ಗುಂಡಿ ನನ್ನ ಮೇಜಿನ ಹತ್ತಿರ ಮಾತ್ರ ಇದೆ. ದೊಡ್ಡ ಕೆಂಪು ಗುಂಡಿ ಬಾಗಿಲ ಬಳಿ, ಯಾವ ಮಗು ಬೇಕಾದರೂ ಓಡಿ ಬಂದು ಒತ್ತುವ ಎತ್ತರದಲ್ಲಿದೆ. ತೋಟಗಳಲ್ಲಿ ಕರೆಂಟ್ ಬಂದೊಡನೆ ಪಂಪನ್ನು ತಾನಾಗಿಯೇ ಚಾಲೂ ಮಾಡುವ ಆಟೋ ಸ್ಟಾರ್ಟರನ್ನೂ ಕೂರಿಸುತ್ತಾರೆ. ಶಾಲೆಯ ಕೋಣೆಗೆ ಅದನ್ನು ತರಲೇಬಾರದು. ಇದರ ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಲೈನ್ ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಹಾಕಿಸಿದೆ. ಒದ್ದೆ ಕಾಲು, ತೇವ ಗೋಡೆಗಳ ನಮ್ಮ ಊರಿನಲ್ಲಿ ಅದಿಲ್ಲದೆ ಮಕ್ಕಳ ಕೈಗೆ 230 ವೋಲ್ಟಿನ ಮೆಷಿನ್ ಕೊಡಲು ನನಗೆ ಧೈರ್ಯವಿಲ್ಲ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಮಕ್ಕಳ ಎದುರಿಗೇ ಒತ್ತಿ, ಲೈನ್ ಬೀಳುವುದನ್ನು ತೋರಿಸುತ್ತೇನೆ.

ಡ್ರಿಲ್ಲಿನಲ್ಲಿ ತೂತು ಕೊರೆಯುವ ಕಡ್ಡಿ ಬಿಟ್, ಅದನ್ನು ಕಚ್ಚಿ ಹಿಡಿಯುವ ಬಾಯಿ ಚಕ್. ಚಕ್ ಬಿಗಿಯುವ ಕೀಲಿಯನ್ನು ವೈರಿನ ತುದಿಯಲ್ಲಿ, ಪ್ಲಗ್ಗಿನ ಹತ್ತಿರ ಕಟ್ಟಿದ್ದೇನೆ. ಬಿಟ್ ಬದಲಾಯಿಸಬೇಕಾದರೆ ಕೀಲಿ ಬೇಕು, ಕೀಲಿ ಚಕ್ ತನಕ ಬರಬೇಕಾದರೆ ಪ್ಲಗ್ ಕೀಳಲೇಬೇಕು. ನಾನು ಕಲಿತ ಉಪಾಯಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಖರ್ಚು ಒಂದು ಮೊಳ ದಾರ.

ಪ್ಲಗ್ ಕಿತ್ತ ಮೇಲೂ ಮೆಷಿನ್ನನ್ನು ಹೇಗೆ ಹಿಡಿಯಬೇಕೆಂದು ಕಲಿಸುವುದು ನಮ್ಮಲ್ಲಿ ಕಷ್ಟವಾಗಲಿಲ್ಲ. ನನ್ನ ತರಗತಿಯ ಅನೇಕ ಮಕ್ಕಳ ಮನೆಯಲ್ಲಿ ಕೋವಿ ಇದೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಎಂಬ ಆಯುಧ ಪೂಜೆಯ ಹಬ್ಬದಂದು ಅದಕ್ಕೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುವುದನ್ನು ನೋಡುತ್ತಾ ಬೆಳೆದವರು. ತೋಟಾ ಇಲ್ಲದ ಕೋವಿಯನ್ನೂ ಮನುಷ್ಯರ ಕಡೆ ತಿರುಗಿಸಬಾರದೆಂದು ಅಜ್ಜಂದಿರು ಅವರಿಗೆ ಹೇಳಿಕೊಟ್ಟಿರುತ್ತಾರೆ. "ಡ್ರಿಲ್ಲನ್ನೂ ಹಾಗೇ ಹಿಡಿ" ಎಂದರೆ ಸಾಕು, ಮುಂದೆ ಹೇಳಬೇಕಾಗಿಲ್ಲ.

ನಮ್ಮ ಕಡೆಯ ಇನ್ನೊಂದು ಅಪಾಯ ಸ್ವೆಟರ್. ಮಳೆಗಾಲದಲ್ಲಿ ಮಕ್ಕಳು ಸ್ವೆಟರ್ ಬಿಚ್ಚುವುದೇ ಇಲ್ಲ. ತೋಳಿನ ತುದಿ ಹಳತಾಗಿ ಒಂದು ಎಳೆ ಉಣ್ಣೆ ಜೋತಾಡುತ್ತಿರುತ್ತದೆ. ತಿರುಗುವ ಬಿಟ್ಟಿಗೆ ಆ ಎಳೆ ತಗುಲಿದರೆ ಕ್ಷಣಾರ್ಧದಲ್ಲಿ ತೋಳೇ ಸುತ್ತಿಕೊಳ್ಳುತ್ತದೆ. ಇದನ್ನು ಬಾಯಲ್ಲಿ ಹೇಳುವುದರ ಬದಲು ಮಾಡಿ ತೋರಿಸುತ್ತೇನೆ. ಹಳೆಯ ಸ್ವೆಟರಿನ ತೋಳಿಗೆ ಬಟ್ಟೆ ತುಂಬಿ, ಉದ್ದ ಕೋಲಿನ ತುದಿಗೆ ಕಟ್ಟಿ, ಬೆಂಚಿಗೆ ಬಿಗಿದ ಡ್ರಿಲ್ಲಿನ ಹತ್ತಿರ ಒಯ್ಯುತ್ತೇನೆ. ಮಕ್ಕಳು ದೂರದಲ್ಲಿ, ಗೋಡೆಗೊರಗಿ ನಿಂತಿರುತ್ತಾರೆ. ಎಳೆ ತಾಗುತ್ತದೆ, ತೋಳು ಮುರುಟಿಕೊಂಡು ಹಗ್ಗದಂತೆ ಸುತ್ತುತ್ತದೆ, ಕೋಲು ನನ್ನ ಕೈಯಿಂದ ಕಿತ್ತುಕೊಳ್ಳುತ್ತದೆ. ಕೋಣೆ ಮೌನವಾಗುತ್ತದೆ. ಆಮೇಲೆ ತೋಳು ಮಡಚಲು ಯಾರಿಗೂ ನೆನಪಿಸಬೇಕಾಗುವುದಿಲ್ಲ. ದುಪಟ್ಟಾ, ಬಳೆ, ಕೈಗೆ ಕಟ್ಟಿದ ಕರಿದಾರ, ಬಿಚ್ಚಿದ ಜಡೆಗಳಿಗೂ ಇದೇ ನಿಯಮ. ಕೈಗವಸೂ ಬೇಡ. ಕೈ ಕಾಯುತ್ತದೆಂದು ನಂಬಿ ಪೋಷಕರು ಕೊಟ್ಟು ಕಳಿಸುತ್ತಾರೆ, ಆದರೆ ತಿರುಗುವ ಮೆಷಿನ್ನಿಗೆ ಸಿಕ್ಕಿದ ಗವಸು ಬೆರಳನ್ನೂ ಜೊತೆಗೆ ಒಯ್ಯುತ್ತದೆ.

ಮರವನ್ನು ಕೈಯಲ್ಲಿ ಹಿಡಿದು ಕೊರೆಯುವುದನ್ನೂ ನಿಲ್ಲಿಸಿದೆ. ಬಿಟ್ ಆಚೆ ಬದಿಗೆ ಹೊರಬರುವ ಹೊತ್ತಿಗೆ ಮರವನ್ನು ಕಚ್ಚಿ ಗಿರಕಿ ಹೊಡೆಸುತ್ತದೆ. ಕೆಳಗೊಂದು ಹಾಳು ಹಲಗೆ ಇಟ್ಟು, ಎರಡು ಸಿ ಕ್ಲ್ಯಾಂಪ್ ಬಿಗಿದ ಮೇಲೆಯೇ ಹಸಿರು ಗುಂಡಿ. ಪ್ರತಿ ಮೆಷಿನ್ನಿನ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದೇನೆ. ಒಳಗೆ ಒಬ್ಬರೇ ನಿಲ್ಲಬೇಕು. ಕೆಲಸ ಮಾಡುತ್ತಿರುವವರನ್ನು ಕರೆಯಬಾರದು, ಬೆನ್ನು ಮುಟ್ಟಬಾರದು. ಎಂಟನೆಯ ತರಗತಿಯವರಿಗೆ ಕೈಗರಗಸ, ಉಳಿ, ಉಜ್ಜುಗೊರಡು ಮಾತ್ರ. ಡ್ರಿಲ್, ಜಿಗ್‌ಸಾ ಎಂಬ ಸಣ್ಣ ಗರಗಸದ ಮೆಷಿನ್ ಒಂಬತ್ತರಿಂದ.

ಕಟ್ಟರ್ ಮೆಷಿನ್ ಯಾರಿಗೂ ಇಲ್ಲ. ಈ ವಿಷಯದಲ್ಲಿ ನಾನು ಹಟಮಾರಿ. ಟೈಲ್ಸ್ ಕತ್ತರಿಸುವ ನಾಲ್ಕು ಇಂಚಿನ ಕಟ್ಟರಿಗೆ ಮರ ಕೊಯ್ಯುವ ಬ್ಲೇಡ್ ಹಾಕಿ, ಪ್ಲೈವುಡ್ ಮೇಜಿನಡಿ ತಲೆಕೆಳಗಾಗಿ ಬಿಗಿದು, ಬ್ಲೇಡ್ ಮುಚ್ಚುವ ಗಾರ್ಡ್ ಕಿತ್ತೆಸೆದು ಬಳಸುವುದು ನಮ್ಮಲ್ಲಿ ಎಲ್ಲ ಕಡೆ ಕಾಣುವ ದೃಶ್ಯ. ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುವಾಗ ಆ ಬ್ಲೇಡಿನ ಹಲ್ಲುಗಳ ವೇಗ ಗಂಟೆಗೆ 250 ಕಿ.ಮೀ. ಹತ್ತಿರ ಇರುತ್ತದೆ. ಹಲಗೆ ಬ್ಲೇಡನ್ನು ಹಿಡಿದುಕೊಂಡರೆ ಅದು ತಳ್ಳುವವರ ಹೊಟ್ಟೆಗೇ ಎಗರಿ ಬರುತ್ತದೆ, ಕೈ ಮುಂದಕ್ಕೆ ಜಾರುತ್ತದೆ. ನನಗೆ ಕೆಲಸ ಕಲಿಸಿದ ಆಚಾರ್ರಿಗೆ ಎಡಗೈಯ ಎರಡು ಬೆರಳ ತುದಿ ಇಲ್ಲ. ಪೋಷಕರೊಬ್ಬರು ಅಂಥ ಮೇಜನ್ನು ಶಾಲೆಗೆ ಉಚಿತವಾಗಿ ಕೊಡಲು ಬಂದಾಗ ಕೈಮುಗಿದು ಬೇಡವೆಂದೆ. "ಏನ್ ಸರ್, ಮಕ್ಕಳು ಕಲಿಯುವುದು ಬೇಡವೇ?" ಎಂದು ಅವರು ನೊಂದುಕೊಂಡರು. ತುಂಡಾದ ಬೆರಳನ್ನು ಜೋಡಿಸುವ ಆಸ್ಪತ್ರೆಗೆ ನಾವು ಹೋಗಬೇಕಾದದ್ದು ಮೈಸೂರಿಗೋ ಮಂಗಳೂರಿಗೋ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ.; ಮಂಗಳೂರಿನ ದಾರಿಯ ಸಂಪಾಜೆ ಘಾಟ್ 2018ರ ಆಗಸ್ಟ್‌ನಲ್ಲಿ ಕುಸಿದು ಮುಚ್ಚಿಹೋದದ್ದು ನಮಗ್ಯಾರಿಗೂ ಮರೆತಿಲ್ಲ. ಇದನ್ನು ಅವರಿಗೆ ವಿವರಿಸಿದೆ. ಈಗ ನಮ್ಮ ಹಲಗೆಗಳನ್ನು ಮರದ ಮಿಲ್ಲಿನಲ್ಲೇ ಅಳತೆಗೆ ಸೀಳಿಸಿ ತರುತ್ತೇವೆ, ಆ ಖರ್ಚನ್ನು ಅವರೇ ಕೊಡುತ್ತಾರೆ.

ನಮಗೆ ಸಿಗುವುದು ಹೆಚ್ಚಾಗಿ ತೋಟದ ಸಿಲ್ವರ್ ಓಕ್. ನೆರಳಿಗೆ ಬೆಳೆಸಿದ ಮರ, ಬೇಲಿಯ ಸಾಲಿನದ್ದಾದರೆ ಒಳಗೆ ತಂತಿ, ಮೊಳೆಗಳು ಇರುತ್ತವೆ. ಎಂದೋ ಹೊಡೆದ ಮೊಳೆಯನ್ನು ಮರ ನುಂಗಿ ಬೆಳೆದಿರುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಪ್ರತಿ ಹಲಗೆಯ ಎರಡೂ ಬದಿ ಆಡಿಸಲು ಮಕ್ಕಳಿಗೆ ಕೊಡುತ್ತೇನೆ. ಆಳದಲ್ಲಿರುವುದು ಅದಕ್ಕೆ ಸಿಗದು, ಹಾಗಾಗಿ ಕಪ್ಪು ಕಲೆ ಕಂಡ ಜಾಗವನ್ನೂ ಬಿಟ್ಟುಬಿಡುತ್ತೇವೆ. ಹಸಿ ಹಲಗೆಯನ್ನು ಮೆಷಿನ್ನಿಗೆ ಕೊಡುವುದಿಲ್ಲ. ಗರಗಸದ ಗೀರು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ.

ಕಣ್ಣಿನ ಕನ್ನಡಕ ಕಡ್ಡಾಯ. ನಮ್ಮ ಚಳಿಗೆ ಅದು ಬೇಗ ಮಂಜು ಹಿಡಿಯುತ್ತದೆ, ಮಕ್ಕಳು ಹಣೆಗೇರಿಸಿಬಿಡುತ್ತಾರೆ. ಒಳಬದಿಗೆ ಒಂದು ಹನಿ ಸೋಪು ಸವರಿ ಒಣಬಟ್ಟೆಯಿಂದ ಒರೆಸಿದ ಮೇಲೆ ಆ ತೊಂದರೆ ಬಹಳ ಕಡಿಮೆಯಾಯಿತು.

ಇನ್ನೂ ಸರಿಹೋಗದಿರುವುದು ಪುಡಿಯ ಸಮಸ್ಯೆ. ಸಿಲ್ವರ್ ಓಕ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಒಬ್ಬ ಹುಡುಗನಿಗೆ ಮೊಣಕೈವರೆಗೆ ಕೆಂಪು ಗಂದೆ ಎದ್ದು, ಅವನಿಗೆ ತೇಗದ ತುಂಡು ಹುಡುಕಿಕೊಟ್ಟೆ. ಬೀಟೆಯ ಪುಡಿಯೂ ಹಾಗೆಯೇ ಉರಿಸುತ್ತದೆ. ಯಾವ ಮರದ ಪುಡಿಯಾದರೂ ವರ್ಷಗಟ್ಟಲೆ ಉಸಿರಾಡಿದರೆ ಮೂಗಿನ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ. ಮಾಸ್ಕ್ ಕೊಡುತ್ತೇನೆ, ಒಣಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಆದರೆ ಮರ ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಮೆಷಿನ್ ಎಬ್ಬಿಸುವ ಸಣ್ಣ ಪುಡಿಗೆ ಅಷ್ಟು ಸಾಲದು. ಅದಕ್ಕೆ ಜೋಡಿಸುವ ವ್ಯಾಕ್ಯೂಮ್ ಬೇಕೆಂದು ಈ ವರ್ಷ ಅರ್ಜಿ ಕೊಟ್ಟಿದ್ದೇನೆ. ಅದು ಬರುವವರೆಗೆ ಸ್ಯಾಂಡರ್ ಬೀರುವಿನಲ್ಲೇ ಇರುತ್ತದೆ. ಮಳೆ ಹೊಳವಾದ ದಿನ ಮಕ್ಕಳನ್ನು ಜಗಲಿಯಲ್ಲಿ ಸಾಲಾಗಿ ಕೂರಿಸಿ, ಉಪ್ಪುಕಾಗದ ಕೊಟ್ಟು ಕೈಯಲ್ಲೇ ಉಜ್ಜಿಸುತ್ತೇನೆ.