ಚಿನ್ನ ಎಂದಾದರೂ ಇಲ್ಲವಾಗುವುದೇ? ಧೂಳಿನಿಂದ ಅದನ್ನು ಮರಳಿ ಪಡೆಯುವ ಕ್ರಮ

ಒಂದು ಪವನು, ಅಂದರೆ 8 ಗ್ರಾಂ ಚಿನ್ನವನ್ನು ಯಾರ ಕೈಗೂ ಮತ್ತೆ ಸಿಗದಂತೆ ಮಾಡುವುದು ಕೇಳಿದಷ್ಟು ಸುಲಭವಲ್ಲ. ಬೆಂಕಿಗೆ ಹಾಕಿದರೆ ಅದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ತಣಿದಾಗ ಚಿನ್ನವಾಗಿಯೇ ಗಟ್ಟಿಯಾಗುತ್ತದೆ. ಮಣ್ಣಿನಲ್ಲಿ ಹೂತಿಟ್ಟರೆ ತುಕ್ಕು ಹಿಡಿಯುವುದಿಲ್ಲ. ಪರಮಾಣು ರಿಯಾಕ್ಟರಿನಲ್ಲಿ ನ್ಯೂಟ್ರಾನನ್ನು ಹೀರಿಕೊಂಡ ಚಿನ್ನದ ಪರಮಾಣು ಮಾತ್ರ ಕೆಲವು ದಿನಗಳಲ್ಲಿ ಪಾದರಸವಾಗಿ ಮಾರ್ಪಡುತ್ತದೆ.

ಆಮ್ಲಕ್ಕೂ ಅದನ್ನು ಅಳಿಸುವ ಶಕ್ತಿಯಿಲ್ಲ. 1940ರಲ್ಲಿ ನಾಜಿ ಸೇನೆ ಕೋಪನ್‌ಹೇಗನ್ ನಗರವನ್ನು ಹೊಕ್ಕಾಗ, ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿದ್ದ ಜಾರ್ಜ್ ಡಿ ಹೆವೆಶಿ ಎಂಬ ರಸಾಯನವಿಜ್ಞಾನಿ, ಅಲ್ಲಿದ್ದ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಎಂಬ ಇಬ್ಬರು ಭೌತವಿಜ್ಞಾನಿಗಳ ಚಿನ್ನದ ನೊಬೆಲ್ ಪದಕಗಳನ್ನು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಕರಗಿಸಿ ಕಪಾಟಿನಲ್ಲಿ ಇಟ್ಟರು. ಯುದ್ಧ ಮುಗಿದ ಮೇಲೆ ಆ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿ, ಅದರಿಂದಲೇ ಪದಕಗಳನ್ನು ಮತ್ತೆ ಎರಕ ಹೊಯ್ಯಲಾಯಿತು.

ಚಿನ್ನ ಕೈತಪ್ಪುವುದು ಅದು ಚೆದುರಿದಾಗ. ಕಾಸರಗೋಡು, ಕುಂಬಳೆ, ಬದಿಯಡ್ಕದಂತಹ ಊರುಗಳಲ್ಲಿ ಆಭರಣ ಮಾಡುವವರು ಅರದ ಧೂಳನ್ನು, ಪಾಲಿಷ್ ಬಟ್ಟೆಯನ್ನು, ಕೈ ತೊಳೆದ ನೀರಿನ ಗಸಿಯನ್ನು ಪ್ರತ್ಯೇಕವಾಗಿ ಕೂಡಿಡಬೇಕು. ಮಳೆಗಾಲದಲ್ಲಿ ಆ ನೀರು ತೋಡಿಗೆ ಸೇರಿದರೆ ಮುಂದಿನ ಯಾವ ಹಂತವೂ ನೆರವಾಗದು. ಒಣಗಿದ ಕಸವನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸುಟ್ಟು ಬೂದಿ ಮಾಡಬೇಕು. ಇಲ್ಲಿ ಆತುರ ಸಲ್ಲದು, ಏಕೆಂದರೆ ಗಾಳಿ ಊದಿದರೆ ನುಣ್ಣನೆಯ ಚಿನ್ನದ ಪುಡಿಯೂ ಬೂದಿಯೊಡನೆ ಹಾರಿಹೋಗುತ್ತದೆ. ಬಳಿಕ ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಬೂದಿಯ ಮೇಲೆ ಆಡಿಸಿ, ಅರದಿಂದ ಉದುರಿದ ಕಬ್ಬಿಣದ ಪುಡಿಯನ್ನು ತೆಗೆಯಬೇಕು.

ಮುಂದಿನ ಕೆಲಸ ಜಾಲಿಸುವುದು. ಮರಳಿನ ಸಾಂದ್ರತೆ ನೀರಿನ ಸುಮಾರು 2.6 ಪಟ್ಟು ಆದರೆ ಚಿನ್ನದ್ದು 19.3 ಪಟ್ಟು ಆಗಿರುವುದರಿಂದ, ಅಗಲ ತಟ್ಟೆಯಲ್ಲಿ ನೀರು ಹಾಕಿ ಮೆಲ್ಲನೆ ತೂಗಾಡಿಸಿದಾಗ ಹಗುರವಾದದ್ದು ಹರಿದುಹೋಗಿ ಚಿನ್ನ ತಳದಲ್ಲಿ ಉಳಿಯುತ್ತದೆ. ಜಿಡ್ಡಿನಿಂದಾಗಿ ನುಣುಪು ಪುಡಿ ಕೆಲವೊಮ್ಮೆ ತೇಲುತ್ತದೆ. ನೀರಿಗೆ ಒಂದು ಹನಿ ಸಾಬೂನು ಬೆರೆಸಿದರೆ ಅದು ಮುಳುಗುತ್ತದೆ. ಉಳಿದುದನ್ನು ಒಣಗಿಸಿ, ಬಿಳಿಗಾರ ಸೇರಿಸಿ ಮೂಸೆಯಲ್ಲಿ ಕರಗಿಸಿದರೆ ಕಶ್ಮಲ ಗಾಜಿನಂತೆ ಮೇಲೆ ಬಂದು ಲೋಹ ಕೆಳಗೆ ಗುಂಡಾಗಿ ಕೂಡುತ್ತದೆ.

ಆ ಗುಂಡಿನಲ್ಲಿ ಬೆಳ್ಳಿ, ತಾಮ್ರ ಬೆರೆತಿರುತ್ತವೆ. ಚಿನ್ನದ ಸುಮಾರು ಮೂರು ಪಟ್ಟು ಬೆಳ್ಳಿ ಇರುವಂತೆ ಮಾಡಿ ನೈಟ್ರಿಕ್ ಆಮ್ಲದಲ್ಲಿ ಕಾಯಿಸಿದರೆ ಬೆಳ್ಳಿ ಮತ್ತು ತಾಮ್ರ ಕರಗಿ, ಚಿನ್ನ ಕಂದು ಪುಡಿಯಾಗಿ ಉಳಿಯುತ್ತದೆ. ಕರಗಿದ ಬೆಳ್ಳಿಯನ್ನು ಉಪ್ಪು ಹಾಕಿ ಬಿಳಿ ಗಸಿಯಾಗಿ ಇಳಿಸಬಹುದು. ಆಮ್ಲದಲ್ಲಿ ಕಾಯಿಸುವಾಗ ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಇದನ್ನು ಮನೆಯಲ್ಲಿ ಮಾಡಲೇಬಾರದು, ಶುದ್ಧೀಕರಣ ಮಾಡುವವರಿಗೆ ಒಪ್ಪಿಸಬೇಕು.

ಅದೇ ಒಂದು ಪವನನ್ನು ಅರೆದು ಚಂದ್ರಗಿರಿ ಹೊಳೆಗೆ ಚೆಲ್ಲಿದರೆ ಅದು ಅರಬ್ಬೀ ಸಮುದ್ರದ ಕಡೆಗೆ ಚೆದುರಿಹೋಗುತ್ತದೆ. ಮೊದಲ ಮಹಾಯುದ್ಧದ ಬಳಿಕ ಜರ್ಮನಿ ಕೊಡಬೇಕಿದ್ದ ಯುದ್ಧಪರಿಹಾರದ ಸಾಲ ತೀರಿಸಲು ಸಮುದ್ರದ ನೀರಿನಿಂದ ಚಿನ್ನ ತೆಗೆಯಲು ಹೊರಟ ಜರ್ಮನ್ ರಸಾಯನವಿಜ್ಞಾನಿ ಫ್ರಿಟ್ಜ್ ಹೇಬರ್, ಅದರ ಪ್ರಮಾಣ ತೀರ ಕಡಿಮೆಯೆಂದು ಕಂಡು ಆ ಯತ್ನವನ್ನೇ ಬಿಟ್ಟರು. ಹುಡುಕುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರುವ ಜಾಗದಲ್ಲಿ ಕೆಲಸ ನಿಲ್ಲುತ್ತದೆ. ಆದರೆ ಬೆಲೆ ಏರಿದಂತೆ ಆ ಗೆರೆಯೂ ಸರಿಯುವುದರಿಂದ, ಜಾಲಿಸಿ ಮುಗಿದ ಕೆಸರನ್ನೂ ಎಸೆಯದೆ ಮುಚ್ಚಳವಿರುವ ಡಬ್ಬಿಯಲ್ಲಿ ತೆಗೆದಿಡುವುದು ಒಳ್ಳೆಯದು.